ಚೌಕಳಿ ಅಚ್ಚಿನಲ್ಲಿ ಜೋಳದ ಹಿಟ್ಟು

ಎಳ್ಳ ಅಮಾವಾಸ್ಯೆ ಕಳೆದು ಸಂಕ್ರಾಂತಿ ಇನ್ನೂ ಬಾರದ ನಡುವಿನ ದಿನಗಳಲ್ಲಿ ಗುರುಮಠಕಲ್ ಸುತ್ತಿನ ಹೊಲಗಳು ಒಂದೊಂದಾಗಿ ಬೋಳಾಗುತ್ತವೆ. ತೊಗರಿ ಕೊಯ್ದು, ರಾಶಿ ಮಾಡಿ, ಕಾಳು ಚೀಲ ಸೇರಿದ ಮೇಲೆ ಉಳಿಯುವುದು ಬರೀ ಕಟ್ಟಿಗೆ. ಅದು ಟ್ರ್ಯಾಕ್ಟರಿನಲ್ಲಿ, ಎತ್ತಿನ ಬಂಡಿಯಲ್ಲಿ, ಒಮ್ಮೊಮ್ಮೆ ಹೆಣ್ಣುಮಕ್ಕಳ ತಲೆಯ ಮೇಲೆ ಊರೊಳಗೆ ಬಂದು ಮನೆಗಳ ಹಿತ್ತಲ ಗೋಡೆಗೆ ಒರಗಿ ನಿಲ್ಲುತ್ತದೆ. ಬೆರಳು ದಪ್ಪದ, ಸೊಟ್ಟಂಪಟ್ಟ, ತುದಿಯಲ್ಲಿ ಒಂದೆರಡು ಒಣಗಾಯಿ ಇನ್ನೂ ಜೋತುಕೊಂಡಿರುವ ಈ ಕಟ್ಟಿಗೆಯನ್ನು ಒಲೆಗೆ ತುರುಕಿದರೆ ಚಟಚಟ ಎನ್ನುತ್ತ ತಟ್ಟನೆ ಹೊತ್ತಿಕೊಳ್ಳುತ್ತದೆ. ಹೊಗೆ ಕಡಿಮೆ, ಉರಿ ಜೋರು. ಕೆಂಡ ಮಾತ್ರ ಬಹಳ ಹೊತ್ತು ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿ ಗ್ಯಾಸಿನ ಸಿಲಿಂಡರು ಬಂದು ಕೂತು ವರ್ಷಗಳಾಗಿದ್ದರೂ ಎಣ್ಣೆಯ ದೊಡ್ಡ ಕಡಾಯಿ ಇಡುವ ದಿನ ಇಲ್ಲಿನ ಹೆಂಗಸರು ಹಿತ್ತಲ ಒಲೆಯನ್ನೇ ಹುಡುಕಿಕೊಂಡು ಬರುತ್ತಾರೆ.

ಅಂಥ ಒಂದು ಹಿತ್ತಲಿಗೆ ಬನ್ನಿ. ನೆಲಕ್ಕೆ ಹಾಸಿದ ಶಹಾಬಾದಿನ ಪರಸಿ ಕಲ್ಲು ಬೆಳಗಿನ ಚಳಿಯನ್ನು ಇನ್ನೂ ಹಿಡಿದಿಟ್ಟುಕೊಂಡಿದೆ; ಬರಿಗಾಲಲ್ಲಿ ನಿಂತರೆ ಅಂಗಾಲು ಜುಮ್ಮೆನ್ನುತ್ತದೆ. ಬೇವಿನ ಮರದ ಕೆಳಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಅರ್ಧದಷ್ಟು ಶೇಂಗಾ ಎಣ್ಣೆ ತುಂಬಿದ ಕಡಾಯಿ. ಒಲೆಯ ಒಂದು ಮಗ್ಗುಲಿಗೆ ಮಣೆ ಹಾಕಿಕೊಂಡು ಮನೆಯ ಸೊಸೆ ಕೂತಿದ್ದಾಳೆ, ತವರು ಗಡಿಯಾಚೆಯ ಕೊಡಂಗಲ್. ಉಟ್ಟಿರುವುದು ನಾರಾಯಣಪೇಟೆಯ ಸೀರೆ, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದಾಳೆ. ಇನ್ನೊಂದು ಮಗ್ಗುಲಿಗೆ ಅತ್ತೆ, ಮೊಮ್ಮಕ್ಕಳ ಬಾಯಲ್ಲಿ ಆಯಿ. ಕೈಯಲ್ಲಿ ಕೆಲಸವಿಲ್ಲ, ಕಣ್ಣಲ್ಲಿ ಬೇಕಾದಷ್ಟಿದೆ. ಒಳಗಿನಿಂದ ಏಲಕ್ಕಿ ಕುಟ್ಟುವ ಸದ್ದು ಬರುತ್ತಿದೆ.

"ಬರ್ರಿ, ಕೂಡ್ರಿ. ಎಣ್ಣಿ ಇನ್ನಾ ಕಾದಿಲ್ಲ" ಎಂದು ಆಯಿ ಗೋಣಿಚೀಲವೊಂದನ್ನು ನಮ್ಮತ್ತ ಸರಿಸುತ್ತಾಳೆ.

ಇವತ್ತು ಗುಲಾಬಿ ಹೂವಿನ ದಿನ. ಡಬರಿಯಲ್ಲಿ ಕಲಸಿಟ್ಟ ಹಿಟ್ಟು ಬೆಳ್ಳಗೆ, ನೀರುನೀರಾಗಿ, ಮೇಲೆ ಎಳ್ಳು ತೇಲಿಸಿಕೊಂಡು ಕೂತಿದೆ. ನೆನೆಹಾಕಿ ನೆರಳಲ್ಲಿ ಆರಿಸಿದ ಅಕ್ಕಿಯನ್ನು ಗಿರಣಿಯಲ್ಲಿ ಬೀಸಿಸಿ ತಂದದ್ದು ಎರಡು ಪಾಲು, ಮೈದಾ ಒಂದು ಪಾಲು, ಸಕ್ಕರೆ ಅದಕ್ಕಿಂತ ತುಸು ಕಡಿಮೆ, ಉಳಿದದ್ದು ಹಾಲು. ಸಕ್ಕರೆ ಕೈ ಮೀರಿದರೆ ಹೂವು ಅಚ್ಚು ಬಿಡುವುದಿಲ್ಲ, ಮೈದಾ ಕೈ ಮೀರಿದರೆ ಮಾರನೆಯ ದಿನಕ್ಕೆ ಮೆತ್ತಗಾಗುತ್ತದೆ. ಅಚ್ಚು ಹಿತ್ತಾಳೆಯದು, ಐದು ದಳದ ಹೂವು, ನಡುವೆ ಒಂದು ಬಳೆ, ಮೇಲಕ್ಕೆ ಮೊಳದುದ್ದದ ಕಬ್ಬಿಣದ ಸಲಾಕೆ, ಅದರ ತುದಿಗೆ ಸುತ್ತಿದ ಹಳೆಯ ಬಟ್ಟೆ. ಅದು ರಾತ್ರಿಯಿಡೀ ಎಣ್ಣೆಯಲ್ಲಿ ಮುಳುಗಿ ಮಲಗಿತ್ತು.

ಸೊಸೆ ಅಚ್ಚನ್ನು ಕಡಾಯಿಗೆ ಇಳಿಸಿ ಸುಮ್ಮನಾಗುತ್ತಾಳೆ. ಎಣ್ಣೆಯ ಮೈ ಮೇಲೆ ಸಣ್ಣ ನಡುಕ ಹುಟ್ಟುತ್ತದೆ. ಅವಳು ಕಾಯುತ್ತಲೇ ಇದ್ದಾಳೆ. ಎಣ್ಣೆ ಕಾದಿದೆಯಲ್ಲ ಎಂದು ನಮಗನ್ನಿಸಿದ್ದು ಆಯಿಗೆ ಹೇಗೋ ಗೊತ್ತಾಗಿ, "ಎಣ್ಣಿ ಕಾದ್ರ ಸಾಲಂಗಿಲ್ರಿ, ಅಚ್ಚು ಕಾಯಬೇಕು" ಎನ್ನುತ್ತಾಳೆ. ಕೊನೆಗೆ ಸಲಾಕೆ ಮೇಲೆದ್ದು, ಎಣ್ಣೆಯ ಹನಿಗಳನ್ನು ಕೊಡವಿ, ಡಬರಿಯ ಹಿಟ್ಟಿಗೆ ಇಳಿಯುತ್ತದೆ. ಚುರ್ರ್ ಎಂದು ಚಿಕ್ಕ ಸದ್ದು. ಅಚ್ಚು ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಹಿಟ್ಟು ದಳದ ಮೇಲಂಚನ್ನು ಹತ್ತಿಬಿಟ್ಟರೆ ಹೂವಿಗೆ ಹೊರಬರುವ ದಾರಿಯೇ ಇಲ್ಲ. ಹಿಟ್ಟು ಮೆತ್ತಿಕೊಂಡ ಅಚ್ಚು ಮತ್ತೆ ಎಣ್ಣೆಗೆ. ಸುತ್ತ ಗುಳ್ಳೆಗಳು ಉಕ್ಕಿ, ಎಳ್ಳು ಸಿಡಿದು, ಏಲಕ್ಕಿಯ ವಾಸನೆ ಕಟ್ಟಿಗೆಯ ಹೊಗೆಯೊಳಗೆ ಬೆರೆಯುತ್ತದೆ. ಮಣಿಕಟ್ಟು ಒಮ್ಮೆ ಅಲುಗುತ್ತದೆ, ಇನ್ನೊಮ್ಮೆ ಅಲುಗುತ್ತದೆ. ಹೂವು ಕಳಚಿಕೊಂಡು ತೇಲುತ್ತದೆ. ಮೊದಲನೆಯದು ಮುರಿದು ಬಂತು, ಯಾರೂ ಬೇಸರಪಡಲಿಲ್ಲ. ಎರಡನೆಯದರ ಒಂದು ದಳ ಅಚ್ಚಿನಲ್ಲೇ ಉಳಿಯಿತು. ಆಮೇಲಿನವು ಒಂದರ ಹಿಂದೆ ಒಂದು ಇಡಿಯಾಗಿ ಬಂದು, ಝಾರಿಯಿಂದ ಮೇಲೆದ್ದು, ಪರಾತದಲ್ಲಿ ಹರಡಿಕೊಂಡವು. ಬಿಸಿಯಿದ್ದಾಗ ಬಾಗುವಷ್ಟು ಮೆತ್ತಗಿದ್ದದ್ದು ಎರಡು ನಿಮಿಷಕ್ಕೆ ಗರಿಗರಿ.

ಈ ಹೂವನ್ನು ಮಾಡುವ ಊರುಗಳ ಸಾಲು ಗುರುಮಠಕಲ್ಲಿನಿಂದ ಪೂರ್ವಕ್ಕೆ ಬಹಳ ದೂರ ಹೋಗುತ್ತದೆ. ತೆಲಂಗಾಣದ ಮನೆಗಳಲ್ಲಿ ಹಬ್ಬಕ್ಕೆ, ಮದುವೆಗೆ ಗುಲಾಬಿ ಪುವ್ವುಲು ಆಗಲೇಬೇಕು. ಗುರುಮಠಕಲ್ಲಿಗೆ ಗಡಿ ಎಂಬುದು ನಕಾಶೆಯಲ್ಲಿ ಇರುವಷ್ಟು ಮನೆಯೊಳಗೆ ಇಲ್ಲ. 1956ರವರೆಗೆ ಈ ಸೀಮೆಯೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಭಾಷೆಯ ಮೇಲೆ ರಾಜ್ಯಗಳು ಬೇರೆಯಾದಾಗ ಹೊಲ ಈಚೆಗೆ, ಬೀಗರು ಆಚೆಗೆ ಆದ ಮನೆಗಳು ಎಷ್ಟೋ. ಕೋರ್ಟು ಕಚೇರಿಗೆ ಜನ ಯಾದಗಿರಿಗೆ ಹೋಗುತ್ತಾರೆ, ಅದು ಜಿಲ್ಲೆಯಾದದ್ದು 2010ರಲ್ಲಿ. ಕೆಲಸ ಹುಡುಕಿಕೊಂಡು, ದೊಡ್ಡ ಆಸ್ಪತ್ರೆ ಹುಡುಕಿಕೊಂಡು, ಮದುವೆಯ ಪಾತ್ರೆ ಹುಡುಕಿಕೊಂಡು ಹೋಗುವುದು ಹೈದರಾಬಾದಿಗೆ. ಹೊರಗಿನವರಿಗೆ ಈ ಊರಿನ ಹೆಸರು ಪರಿಚಯವಿದ್ದರೆ ಅದು ಸಾಮಾನ್ಯವಾಗಿ ಮಲ್ಲಿಕಾರ್ಜುನ ಖರ್ಗೆಯವರಿಂದ, 1972ರಿಂದ 2004ರವರೆಗಿನ ಚುನಾವಣೆಗಳಲ್ಲಿ ಇಲ್ಲಿಂದ ಎಂಟು ಸಲ ಗೆದ್ದವರು. ಊರಿನವರಿಗೆ ಊರೆಂದರೆ ಖಾಸಾಮಠ, ಮಳೆಗಾಲದಲ್ಲಿ ದಬದಬನೆ ಬೀಳುವ ದಬದಬಿ, ತೊಗರಿ, ಹೆಸರು, ಹತ್ತಿ, ಮತ್ತು ಸೊಸೆಯಂದಿರು ತವರಿನಿಂದ ತರುವ ತೆಲುಗು. ಈ ಹಿತ್ತಲಲ್ಲೇ ಕೇಳಿ ನೋಡಿ: ಸೊಸೆ ಮಗಳಿಗೆ ತೆಲುಗಿನಲ್ಲಿ ಏನೋ ಹೇಳುತ್ತಾಳೆ, ಮಗಳು ಕನ್ನಡದಲ್ಲಿ ಉತ್ತರಿಸುತ್ತಾಳೆ, ಆಯಿ ನಡುವೆ ಬಾಯಿ ಹಾಕಿ ಇಬ್ಬರನ್ನೂ ಬೈಯುತ್ತಾಳೆ. ಮೂವರಿಗೂ ಅರ್ಥವಾಗದ ಮಾತು ಒಂದೂ ಇಲ್ಲ.

ಹಿತ್ತಾಳೆಯ ಈ ಹೂವಿಗೆ ಜಗತ್ತಿನಲ್ಲಿ ಅಕ್ಕತಂಗಿಯರು ಬಹಳ. ಕೇರಳದ ಕ್ರೈಸ್ತರ ಮನೆಗಳಲ್ಲಿ ಇದೇ ಅಚ್ಚಪ್ಪಂ, ತೆಂಗಿನಹಾಲು ಹಾಕಿದ್ದು. ಆಂಗ್ಲೋ ಇಂಡಿಯನ್ನರ ಕ್ರಿಸ್‌ಮಸ್ ತಟ್ಟೆಯಲ್ಲಿ ರೋಸ್ ಕುಕಿ. ಶ್ರೀಲಂಕಾದಲ್ಲಿ ಹೊಸವರ್ಷಕ್ಕೆ ಕೊಕಿಸ್. ನಾರ್ವೆ, ಸ್ವೀಡನ್ನಿನವರು ಚಳಿಗಾಲದಲ್ಲಿ ಇದೇ ತರಹದ ಸಲಾಕೆಯ ತುದಿಗೆ ನಕ್ಷತ್ರದ ಅಚ್ಚು ತಿರುಗಿಸಿ ಕರಿಯುತ್ತಾರೆ. ಇರಾನಿನಲ್ಲಿ ನೌರೋಜಿಗೆ ಮಾಡುವ ನಾನ್ ಪಂಜರೆ ಕೂಡ ಕಾದ ಅಚ್ಚನ್ನು ಹಿಟ್ಟಿಗದ್ದಿ ಎಣ್ಣೆಗಿಳಿಸಿದ್ದೇ. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡ ಡಚ್ಚರು ಈ ಅಚ್ಚನ್ನು ದಕ್ಷಿಣಕ್ಕೆ ತಂದರು ಎನ್ನುವವರಿದ್ದಾರೆ. ಇರಬಹುದು. ಆದರೆ ಕರಾವಳಿಯಿಂದ ದಖ್ಖನ್ನಿನ ಈ ಬಿಸಿಲು ನಾಡಿಗೆ ಅದು ಯಾವ ಗಾಡಿ ಹತ್ತಿ ಬಂತೆಂದು ಆಯಿಯನ್ನು ಕೇಳಿದರೆ, "ನಮ್ಮ ಅತ್ತಿ ಕಾಲದಿಂದ ಅದ" ಎಂಬಷ್ಟೇ ಇತಿಹಾಸ ಸಿಗುತ್ತದೆ, ಮತ್ತು ನನಗೆ ಅದು ಸಾಕೆನಿಸುತ್ತದೆ.

ಪರಾತ ತುಂಬುವ ಹೊತ್ತಿಗೆ ಒಳಗಿನಿಂದ ಮೊಮ್ಮಗಳು ಬಂದಳು. ಹೈದರಾಬಾದಿನಲ್ಲಿ ಓದುವ ಹುಡುಗಿ, ಹಬ್ಬದ ರಜೆಗೆ ಬಂದಿದ್ದಾಳೆ. ಕೈಯಲ್ಲಿ ಬೇಗಂ ಬಜಾರಿನಿಂದ ಕೊಂಡು ತಂದ ಒಂದು ವಸ್ತು. ಹೈದರಾಬಾದಿನ ಪಾತ್ರೆಗಳೆಲ್ಲ ಹುಟ್ಟಿ ಬರುವುದು ಆ ಬಜಾರಿನ ಓಣಿಗಳಿಂದಲೇ ಎಂದು ಈ ಸೀಮೆಯ ಜನ ನಂಬಿದ್ದಾರೆ. ಎರಡು ಚೌಕದ ಅಲ್ಯೂಮಿನಿಯಂ ಹಲಗೆಗಳು, ಒಂದು ಮಗ್ಗುಲಿಗೆ ಕೀಲು, ಇನ್ನೊಂದು ಮಗ್ಗುಲಿಗೆ ಎರಡು ಉದ್ದನೆಯ ಹಿಡಿಕೆ. ಬಿಡಿಸಿದರೆ ಒಳಗೆಲ್ಲ ಸಾಲುಸಾಲು ಚೌಕದ ಗುಬ್ಬಿಗಳು. ವಾಫಲ್ ಮಾಡುವ ಅಚ್ಚು, ಕರೆಂಟಿನದಲ್ಲ, ಗ್ಯಾಸಿನ ಮೇಲಿಡುವುದು.

"ಇದಕ್ಕ ಸಲಾಕಿ ಎಲ್ಲದ?" ಎಂದಳು ಆಯಿ.

"ಎಣ್ಯಾಗ ಬಿಡೂದಲ್ಲ ಆಯಿ. ಇದರಾಗ ಹಿಟ್ಟು ಹೊಯ್ದು, ಮುಚ್ಚಿ, ಹೊಳ್ಳಿಸಿ ಹೊಳ್ಳಿಸಿ ಸುಡೂದು."

ಆಯಿ ಅದನ್ನು ಕೈಗೆ ತೆಗೆದುಕೊಂಡು, ತೆರೆದು, ಮುಚ್ಚಿ, ಮತ್ತೆ ತೆರೆದು, ಗುಬ್ಬಿಗಳ ನಡುವೆ ಉಗುರಾಡಿಸಿ ನೋಡಿದಳು. ಬೆಂಗಳೂರು, ಹೈದರಾಬಾದಿನ ಅಂಗಡಿಗಳಲ್ಲಿ ಚಾಕಲೇಟು ಸುರಿದುಕೊಂಡು, ಕಡ್ಡಿಗೆ ಚುಚ್ಚಿಕೊಂಡು ಮಾರಾಟವಾಗುವ ವಾಫಲ್ ಅವಳು ತಿಂದದ್ದಿಲ್ಲ. ಆದರೆ ಎರಡು ಕಾದ ಲೋಹದ ನಡುವೆ ಹಿಟ್ಟು ಎಂದರೆ ಏನಾಗುತ್ತದೆಂದು ಊಹಿಸುವುದು ಅವಳಿಗೆ ಕಷ್ಟವೂ ಆಗಲಿಲ್ಲ. "ಹಗುರ ಅದ. ಬೀಡಿಂದು ಸಿಗಲಿಲ್ಲೇನು?" ಎಂದಷ್ಟೇ ಕೇಳಿದಳು.

ಸರಿಯಾದ ಪ್ರಶ್ನೆ. ಅಲ್ಯೂಮಿನಿಯಂ ಶಾಖವನ್ನು ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಬೇಗ ಸಾಗಿಸುತ್ತದೆ, ಬೇಗ ಕಾಯುತ್ತದೆ. ತೆಳ್ಳಗಿದ್ದರೆ ತಣ್ಣನೆಯ ಹಿಟ್ಟು ಬಿದ್ದೊಡನೆ ಅಷ್ಟೇ ಬೇಗ ಆರಿಯೂ ಬಿಡುತ್ತದೆ. ಬೀಡು ಕಾಯಲು ಸತಾಯಿಸುತ್ತದೆ, ಕಾದ ಮೇಲೆ ಕೈ ಬಿಡುವುದಿಲ್ಲ. ಯುರೋಪಿನಲ್ಲಿ ಮೊದಲಿದ್ದವೂ ಕಬ್ಬಿಣದ ಅಚ್ಚುಗಳೇ: ಉದ್ದ ಹಿಡಿಕೆಯ ತುದಿಗೆ ಎರಡು ಹಲಗೆ, ಅವುಗಳ ನಡುವೆ ಹಿಟ್ಟು, ಎಲ್ಲವೂ ಸೌದೆಯ ಬೆಂಕಿಯೊಳಗೆ. ಪೀಟರ್ ಬ್ರೂಗಲ್ ಎಂಬ ಚಿತ್ರಕಾರ 1559ರಲ್ಲಿ ಬರೆದ ಜಾತ್ರೆಯ ಚಿತ್ರವೊಂದಿದೆ. ಉಪವಾಸದ ದಿನಗಳು ಬರುವ ಮುಂಚೆ ತಿಂದು ಕುಡಿದು ಕುಣಿಯುವ ಜನ, ಅವರ ನಡುವೆ ಬೆಂಕಿಯ ಮುಂದೆ ಕೂತು ವಾಫಲ್ ಸುಡುವ ಹೆಂಗಸು, ಟೋಪಿಗೆ ವಾಫಲ್ ಕಟ್ಟಿಕೊಂಡು ದಾಳ ಉರುಳಿಸುವ ಗಂಡಸು. ಆ ಹೆಂಗಸು ಕೂತ ಭಂಗಿ, ಅವಳ ಮುಂದಿನ ಬೆಂಕಿ ನೋಡಿದರೆ ಹಿತ್ತಲ ಒಲೆ ಯಾವ ದೇಶದ್ದಾದರೇನು ಅನ್ನಿಸುತ್ತದೆ. ಬೆಂಕಿಯಿಂದ ಒಲೆಯ ಮೇಲಕ್ಕೆ ಬಂದು, ಸುಲಭವಾಗಿ ತಿರುಗಿಸಲು ಬರುವಂಥ ಅಚ್ಚಿಗೆ ಅಮೆರಿಕದ ಟ್ರಾಯ್ ಪಟ್ಟಣದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬಾತ ಪೇಟೆಂಟ್ ಪಡೆದದ್ದು 1869ರ ಆಗಸ್ಟ್ 24ರಂದು. ಬೇಗಂ ಬಜಾರಿನಿಂದ ಬಂದ ಈ ಹಲಗೆ ಅದೇ ವಂಶದ್ದು. ಬೆಲ್ಜಿಯಂ ಹೆಸರು ವಾಫಲ್‌ಗೆ ಗಟ್ಟಿಯಾಗಿ ಅಂಟಿಕೊಂಡದ್ದು ಇನ್ನೂ ತಡವಾಗಿ, 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಸ್ಟ್ರಾಬೆರಿ, ಕೆನೆ ಹೊತ್ತ ವಾಫಲ್‌ಗಳಿಗೆ ಜನ ಮುಗಿಬಿದ್ದ ಮೇಲೆ.

ಮೊದಲ ಜಗಳ ಹಿಟ್ಟಿನ ವಿಷಯಕ್ಕೆ ಎದ್ದಿತು. ಮೊಮ್ಮಗಳ ಫೋನಿನಲ್ಲಿದ್ದ ಲೆಕ್ಕ ಮೈದಾ, ಹಾಲು, ಬೆಣ್ಣೆ, ಬೇಕಿಂಗ್ ಪೌಡರ್, ತತ್ತಿ. ಈ ಮನೆಯ ಒಲೆಗೆ ತತ್ತಿ ಬರುವುದಿಲ್ಲ.

"ತತ್ತಿ ಹಾಕಲಿಲ್ಲಂದ್ರ ಉಬ್ಬಂಗಿಲ್ಲ ಆಯಿ."

"ಉಬ್ಬಸಾಕ ತತ್ತಿನೇ ಯಾಕ ಬೇಕು? ಹುಳಿ ಮಸರ ಇಲ್ಲೇನು ಮನ್ಯಾಗ?"

ಮೊಸರಿನ ಹುಳಿ, ಅಡುಗೆ ಸೋಡಾ ಎರಡೂ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹಿಟ್ಟಿನೊಳಗೆಲ್ಲ ಗುಳ್ಳೆ ಎಬ್ಬಿಸುತ್ತದೆ. ಬೇಕಿಂಗ್ ಪೌಡರಿನ ಡಬ್ಬಿಯಲ್ಲಿ ಇರುವುದೂ ಸೋಡಾ ಮತ್ತು ಪುಡಿಯ ರೂಪದ ಹುಳಿಯೇ. ಉಬ್ಬುವ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ತತ್ತಿಗೆ ಇನ್ನೊಂದು ಕೆಲಸವಿದೆ, ಹಿಟ್ಟನ್ನು ಹಿಡಿದಿಡುವುದು. ಅದೂ ಮೈದಾ ಇದ್ದರೆ ಅರ್ಧ ನಡೆದುಹೋಗುತ್ತದೆ, ಮೈದಾಕ್ಕೆ ತನ್ನದೇ ಅಂಟಿದೆ. ಆಯಿಗೆ ಮೈದಾವೂ ಬೇಡ. "ಮೈದಾ ಹೊಟ್ಟ್ಯಾಗ ಕೂಡ್ತದ. ಜ್ವಾಳದ ಹಿಟ್ಟಿಲೇ ಮಾಡೂಣು" ಎಂದುಬಿಟ್ಟಳು. ಮೊಮ್ಮಗಳು ತಾಯಿಯ ಮುಖ ನೋಡಿದಳು. ತಾಯಿ ಗುಲಾಬಿ ಹೂವಿನ ಕಡಾಯಿಯಿಂದ ಕಣ್ಣೆತ್ತದೆ, ತೆಲುಗಿನಲ್ಲಿ, ನಿನ್ನ ಅಜ್ಜಿಯ ಜೊತೆ ನೀನೇ ಬಗೆಹರಿಸಿಕೋ ಎಂದಳು.

ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿ ತಟ್ಟಿದರೆ ರೊಟ್ಟಿ ಅಂಚೆಲ್ಲ ಹರಿದು ಕೈಯಲ್ಲೇ ಉದುರುತ್ತದೆ. ಅದಕ್ಕೇ ಈ ಸೀಮೆಯಲ್ಲಿ ರೊಟ್ಟಿಗೆ ಎಸರು ಇಡುತ್ತಾರೆ: ಕುದಿಯುವ ನೀರನ್ನು ಹಿಟ್ಟಿನ ಕುಣಿಗೆ ಸುರಿದು, ಕೈ ತಾಳುವಷ್ಟು ಆರಿದೊಡನೆ ನಾದುತ್ತಾರೆ. 70 ಡಿಗ್ರಿಯ ಆಸುಪಾಸಿನಲ್ಲಿ ಜೋಳದ ಪಿಷ್ಟ ನೀರು ಕುಡಿದು, ಉಬ್ಬಿ, ಅಂಬಲಿಯಾಗಿ, ಉಳಿದ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಆಯಿಗೆ ಪಿಷ್ಟ ಗೊತ್ತಿಲ್ಲ, ಜಿಗಿ ಗೊತ್ತು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಎಸರು ಆರಿದ್ದರೆ ಜಿಗಿ ಬರುವುದಿಲ್ಲ. ಈಗ ಅವಳು ಎದ್ದಳು. ಗಿರಣಿಯಿಂದ ಹಿಂದಿನ ದಿನ ಬಂದ ಬಿಳಿಜೋಳದ ಹಿಟ್ಟಿನಲ್ಲಿ ಎರಡು ಹಿಡಿ ಬೇರೆ ತೆಗೆದು, ಅದಕ್ಕೆ ಕುದಿನೀರು ಹೊಯ್ದು, ಸೌಟಿನ ಹಿಂಬದಿಯಿಂದ ತಿರುವಿ ಮುದ್ದೆ ಮಾಡಿ, ಆ ಮುದ್ದೆಯನ್ನು ಹುಳಿ ಮೊಸರಿನಲ್ಲಿ ಕಡೆಗೋಲಿನಿಂದ ಕಡೆದಳು. ಆಮೇಲೆ ಉಳಿದ ಹಿಟ್ಟು, ಒಟ್ಟು ಎರಡು ಬಟ್ಟಲಿನಷ್ಟು. ಮೊಮ್ಮಗಳ ಸಮಾಧಾನಕ್ಕೆ ಅರ್ಧ ಬಟ್ಟಲು ಗೋಧಿ ಹಿಟ್ಟು. ಕರಗಿಸಿ ಸೋಸಿದ ಬೆಲ್ಲದ ನೀರು, ಚಿಟಿಕೆ ಉಪ್ಪು, ಮೂರು ಚಮಚ ತುಪ್ಪ. ಸೋಡಾ ಕೊನೆಗೆ, ಅರ್ಧ ಚಮಚ. ಅದನ್ನು ಹಾಕಿದ ಮೇಲೆ ಹಿಟ್ಟು ಮಾತಾಡತೊಡಗಿತು, ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚಿಟಿಚಿಟಿ. "ಇನ್ನ ಕೂಡಬಾರ್ದು, ಗಾಳಿ ಹೋಗ್ತದ" ಎಂದಳು ಆಯಿ.

ಅಚ್ಚನ್ನು ಒಳಗೆ ಗ್ಯಾಸಿನ ಮೇಲಿಡಬೇಕೆಂದು ಮೊಮ್ಮಗಳು, ಹಿತ್ತಲ ಒಲೆಯ ಕೆಂಡಕ್ಕೇ ಇಡೋಣವೆಂದು ಆಯಿ. ತೊಗರಿ ಕಟ್ಟಿಗೆಯ ಕೆಂಡ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ ಗ್ಯಾಸು ಗೆದ್ದಿತು. ಎಲ್ಲರೂ ಅಡುಗೆಮನೆಗೆ ಬಂದೆವು. ಅಲ್ಲಿ ಬೆಳಗಿನ ರೊಟ್ಟಿಯ ವಾಸನೆ ಇನ್ನೂ ಗೋಡೆಗಂಟಿತ್ತು. ಗೂಟಕ್ಕೆ ರೊಟ್ಟಿಯ ಬಿದಿರು ಬುಟ್ಟಿ, ಮೂಲೆಯಲ್ಲಿ ಶೇಂಗಾ ಹಿಂಡಿಯ ಡಬ್ಬಿ, ಕಿಡಕಿಯಲ್ಲಿ ಹೈದರಾಬಾದಿನಿಂದ ಬಂದ ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣ.

ಅಚ್ಚು ಕಾಯಿತು. ಒಂದು ಮಗ್ಗುಲು ಎರಡು ನಿಮಿಷ, ಹೊಳ್ಳಿಸಿ ಇನ್ನೊಂದು ಮಗ್ಗುಲು ಎರಡು ನಿಮಿಷ. ಆಯಿ ಬೆರಳದ್ದಿ ನೀರು ಚಿಮುಕಿಸಿದಳು. ಹನಿ ಅಲ್ಲೇ ಸುಟ್ಟುಹೋಗದೆ ಗುಬ್ಬಿಗಳ ನಡುವೆ ಓಡಾಡಿತು. ಆಗ ತುಪ್ಪ ಸವರಿದರು. ಈ ಸವರುವುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಕಥೆಯೊಂದಿದೆ. 1970ರ ದಶಕದ ಮೊದಲಲ್ಲಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಓಟದ ತರಬೇತುದಾರ ಬಿಲ್ ಬೋವರ್‌ಮನ್, ಓಟಗಾರರ ಬೂಟಿಗೆ ಹಗುರವಾದ, ನೆಲ ಹಿಡಿಯುವ ಅಟ್ಟೆ ಬೇಕೆಂದು ಹೆಂಡತಿಯ ವಾಫಲ್ ಅಚ್ಚಿಗೆ ರಬ್ಬರಿನ ಪಾಕ ಹೊಯ್ದ. ಒಳಗೆ ಜಿಡ್ಡು ಸವರಿರಲಿಲ್ಲ. ಅಚ್ಚು ಬಾಯಿ ಕಚ್ಚಿಕೊಂಡಿದ್ದು ಮತ್ತೆ ಬಿಡಲಿಲ್ಲ. ಅವನು ಬೇರೆ ಅಚ್ಚು ತಂದು ಕೆಲಸ ಮುಂದುವರಿಸಿದ, ಅದರಿಂದ ಹುಟ್ಟಿದ ಬೂಟು ನೈಕಿ ಕಂಪನಿಯನ್ನು ಎತ್ತಿ ನಿಲ್ಲಿಸಿತು. ಹೆಂಡತಿ ಏನಂದಳೋ.

ಒಂದು ಸೌಟು ಹಿಟ್ಟು ನಡುವಿಗೆ ಬಿತ್ತು, ತಾನೇ ಹರಡಿಕೊಂಡು ಅಂಚಿಗೆ ಬರುವಷ್ಟರಲ್ಲಿ ಮೇಲಿನ ಹಲಗೆ ಮುಚ್ಚಿತು. ಕೂಡಲೇ ಸುತ್ತಲ ಸಂದಿನಿಂದ ಹಬೆ. ಮೊದಲು ಬೆಳ್ಳಗೆ, ದಪ್ಪಗೆ, ಹಸಿ ಹಿಟ್ಟಿನ ವಾಸನೆ ಹೊತ್ತು. ಆಮೇಲೆ ತೆಳ್ಳಗೆ, ಬೆಲ್ಲದ ಕಂಪು ಸೇರಿಕೊಂಡು. ಹಿಟ್ಟಿನೊಳಗಿನ ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಮೇಲೆ ಕೆಳಗೆ ಹಲಗೆ ಅಡ್ಡ ಇರುವುದರಿಂದ ಅದು ಹಿಟ್ಟನ್ನೇ ಒಳಗಿನಿಂದ ಎಬ್ಬಿಸಿ, ಗುಬ್ಬಿಗಳ ಸಂದುಸಂದಿಗೆ ಒತ್ತಿ, ಅಂಚಿನಿಂದ ಸೀಟಿ ಹೊಡೆಯುತ್ತ ಹೊರಟುಹೋಗುತ್ತದೆ. ನೀರು ಇರುವವರೆಗೂ ಹಿಟ್ಟಿನ ಶಾಖ 100 ಡಿಗ್ರಿ ದಾಟುವುದಿಲ್ಲ. ನೀರು ಹೋದ ಮೇಲೆಯೇ ಹೊರಮೈ ಇನ್ನೂ ಕಾದು, ಕೆಂಪಾಗಿ, ಗರಿಯಾಗುವುದು. ರೊಟ್ಟಿ ಸುಡುವಾಗಿನ ಕಂದು ಚುಕ್ಕೆ, ಹುರಿದ ಶೇಂಗಾದ ಬಣ್ಣ, ಇದರ ಬಣ್ಣ ಎಲ್ಲಕ್ಕೂ ಮೂಲ ಒಂದೇ. ಸಕ್ಕರೆಯ ಅಂಶ, ಪ್ರೋಟೀನು ಬಿಸಿಯಲ್ಲಿ ಕೂಡಿ ಆಗುವ ಆ ಬದಲಾವಣೆಯನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ಮೇಯಾರ್‌ನ ಹೆಸರಿನಿಂದ ಕರೆಯುತ್ತಾರೆ.

ಫೋನು ಮೂರು ನಿಮಿಷ ಅಂದಿತ್ತು. ಮೂರು ನಿಮಿಷಕ್ಕೆ ಮೊಮ್ಮಗಳು ಹಿಡಿಕೆಗೆ ಕೈ ಹಾಕಿದಳು.

"ತಗಿಬ್ಯಾಡ ಬೇ. ಇನ್ನಾ ಹಬಿ ಬರ್ಲಾಕತ್ತದ."

"ಟೈಮ್ ಆಗ್ಯಾದ ಆಯಿ."

"ಟೈಮ್ ಅದಕ್ಕೇನ್ ಗೊತ್ತು? ಹಬಿ ನಿಂದ್ರಲಿ."

ಹುಡುಗಿ ತಡೆಯಲಾರದೆ ಎತ್ತಿಯೇಬಿಟ್ಟಳು. ವಾಫಲ್ ಅಡ್ಡಡ್ಡ ಸೀಳಿ ಅರ್ಧ ಮೇಲಿನ ಹಲಗೆಗೆ, ಅರ್ಧ ಕೆಳಗಿನದಕ್ಕೆ ಅಂಟಿಕೊಂಡು ಬಾಯಿ ತೆರೆಯಿತು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ನಕ್ಕಳು. ಗುಲಾಬಿ ಹೂವಿನ ಮೊದಲ ಎರಡು ಮುರುಕು ಇನ್ನೂ ಅವಳ ಕೈಯಲ್ಲಿದ್ದವು. ಚಮಚದ ತುದಿಯಿಂದ ಕೆರೆದು, ಬಟ್ಟೆಯಿಂದ ಒರೆಸಿ, ಮತ್ತೆ ತುಪ್ಪ. ಎರಡನೆಯ ಸಲ ಆಯಿ ಒಲೆಯ ಮುಂದೆ ತಾನೇ ನಿಂತಳು. ಅವಳು ಅಚ್ಚನ್ನು ನೋಡುತ್ತಲೂ ಇರಲಿಲ್ಲ. ತಲೆ ಒಂದಿಷ್ಟು ಓರೆ ಮಾಡಿ, ಕಿಡಕಿಯಾಚೆ ಕಣ್ಣಿಟ್ಟು, ಕೇಳುತ್ತಿದ್ದಳು. ಸೀಟಿ ಜೋರಾಗಿ, ಕ್ಷೀಣವಾಗಿ, ಆಗಾಗ ಒಂದು ಪುಸ್ ಎಂಬಷ್ಟಕ್ಕೆ ಇಳಿಯಿತು. ಹೊಳ್ಳಿಸಿದಳು. ಮತ್ತೆ ಸೀಟಿ, ಮತ್ತೆ ಇಳಿತ. ಹಬೆ ಪೂರಾ ನಿಂತ ಮೇಲೂ ಒಂದು ಗಳಿಗೆ ಬಿಟ್ಟು, ಹಿಡಿಕೆಯನ್ನು ಅಳುಕಿನಿಂದ ಒಂದಿಷ್ಟೇ ಎತ್ತಿ ನೋಡಿದಳು. ತಡೆಯಲಿಲ್ಲ. ಇಡಿಯ ಚೌಕ, ತೊಗರಿ ಹೊಟ್ಟಿನ ಬಣ್ಣ, ಎರಡೂ ಮಗ್ಗುಲಿಗೆ ಸಮನಾಗಿ ಕುಣಿ ಬಿದ್ದದ್ದು, ಅಂಚಿನಲ್ಲಿ ಬೆಲ್ಲ ಕಂದಿದ ಗೆರೆ.

ಕೆಳಗೆ ಕೂತಿದ್ದ ಪಕ್ಕದ ಮನೆಯ ಹುಡುಗನೊಬ್ಬ, "ಕಿಡಕಿ ರೊಟ್ಟಿ!" ಎಂದು ಕೂಗಿದ. ಆವತ್ತು ಮಧ್ಯಾಹ್ನದೊಳಗೆ ಆ ಓಣಿಯಲ್ಲಿ ಅದಕ್ಕೆ ಅದೇ ಹೆಸರು.

ಮೊಮ್ಮಗಳು ಬಿಸಿ ವಾಫಲ್‌ಗಳನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಹೊರಟಾಗ ಆಯಿ ಗೂಟದಿಂದ ರೊಟ್ಟಿಯ ಬುಟ್ಟಿ ಇಳಿಸಿ, ಒಂದೊಂದನ್ನೂ ಅಂಚಿಗೆ ಒರಗಿಸಿ ನಿಲ್ಲಿಸಿದಳು. ಪೇರಿಸಿದರೆ ಕೆಳಗಿನದರ ಹಬೆ ಮೇಲಿನದಕ್ಕೆ ತಗುಲಿ ಎಲ್ಲವೂ ಬೆವರುತ್ತವೆ. ಖಡಕ್ ರೊಟ್ಟಿಯನ್ನು ಬುಟ್ಟಿಯಲ್ಲಿ ಬಿಡಿಯಾಗಿಡುವುದೂ ಅದಕ್ಕೇ. ಕೆಲಸದ ಲಯ ಈಗ ಕೂಡಿಬಂತು. ಒಬ್ಬಳು ಸೌಟು, ಒಬ್ಬಳು ಹಿಡಿಕೆ, ತುಪ್ಪ ಸವರುವುದಕ್ಕೆ ಆ ಹುಡುಗ. ಹಿಟ್ಟು ಬರಬರುತ್ತ ಗಟ್ಟಿಯಾದಾಗ ಒಂದು ಬಟ್ಟಲು ಮಜ್ಜಿಗೆ ಬಿತ್ತು.

ತಿನ್ನುವಾಗ ಮತ್ತೆ ಎರಡು ಪಕ್ಷ. ಮೊಮ್ಮಗಳದು ಸಿಹಿ ಪಕ್ಷ, ಅವಳ ಚೀಲದಲ್ಲಿ ಚಾಕಲೇಟಿನ ಬಾಟಲಿ ಇತ್ತು. ತಾಯಿ ಬಿಸಿ ಬೆಲ್ಲದ ಪಾಕಕ್ಕೆ ಕುಟ್ಟಿದ ಶೇಂಗಾ, ಏಲಕ್ಕಿ ಬೆರೆಸಿ ಕುಣಿಗಳಿಗೆ ತುಂಬಿದಳು. ಕುಣಿಗಳ ಉಪಯೋಗ ತಿಳಿಯುವುದೇ ಆಗ: ದೋಸೆಯ ಮೇಲೆ ಹಾಕಿದ ತುಪ್ಪ ಜಾರಿ ತಟ್ಟೆಗೆ ಸೇರುತ್ತದೆ, ಇಲ್ಲಿ ಪ್ರತಿ ಚೌಕವೂ ತನ್ನ ಪಾಲು ಹಿಡಿದುಕೊಂಡು ಕೂರುತ್ತದೆ. ಹಲ್ಲಿಗೆ ಮೊದಲು ಗೋಡೆ ಸಿಕ್ಕಿ ಕರಂ ಎಂದು ಮುರಿಯುತ್ತದೆ, ಆಮೇಲೆ ಒಳಗಿನ ಮೆತ್ತನೆ, ಆಮೇಲೆ ಪಾಕ. ಜೋಳ ತನ್ನ ಮಣ್ಣಿನ ರುಚಿಯನ್ನು ಬಿಟ್ಟುಕೊಟ್ಟಿಲ್ಲ. ಬೆಂಗಳೂರಿನ ಅಂಗಡಿಯ ವಾಫಲ್‌ನಷ್ಟು ಹಗುರವೇ ಎಂದರೆ ಅಲ್ಲ, ಒಂದು ತಿಂದರೆ ಇನ್ನೊಂದಕ್ಕೆ ಯೋಚಿಸಬೇಕು. ನನ್ನ ಓಟು ಮಾತ್ರ ಆಯಿಯ ಖಾರದ ಪಕ್ಷಕ್ಕೆ. ಬೆಲ್ಲ ಹಾಕುವ ಮುಂಚೆಯೇ ಅವಳು ಒಂದಿಷ್ಟು ಹಿಟ್ಟು ಬೇರೆ ತೆಗೆದಿಟ್ಟಿದ್ದಳು. ಅದಕ್ಕೆ ಜೀರಿಗೆ, ಹೆಚ್ಚಿದ ಮೆಂತ್ಯದ ಸೊಪ್ಪು, ಹಸಿಮೆಣಸಿನಕಾಯಿ ಸೇರಿಸಿ ಸುಟ್ಟು, ಕುಣಿಗಳ ತುಂಬ ಕೆನೆಮೊಸರು ಹಾಕಿ, ಮೇಲೆ ಶೇಂಗಾ ಹಿಂಡಿ ಉದುರಿಸಿ ಕೊಟ್ಟಳು. ಬೆಲ್ಜಿಯಂ, ನ್ಯೂಯಾರ್ಕ್ ಎರಡಕ್ಕೂ ಈ ರುಚಿ ತಪ್ಪಿಹೋಗಿದೆ.

ಅಷ್ಟರಲ್ಲಿ ಹಿತ್ತಲ ಗೋಡೆಯಾಚೆಯಿಂದ ಹುಡುಗನ ಅವ್ವ ಇಣುಕಿದಳು. ಕೈಯಲ್ಲಿ ಅವಳ ಪಾಲಿನ ಗುಲಾಬಿ ಹೂವಿನ ತಟ್ಟೆ, ಕಣ್ಣು ಅಚ್ಚಿನ ಮೇಲೆ. ಮಗ ಆಗಲೇ ಎರಡು ಸಲ ಓಡಿಹೋಗಿ ವರದಿ ಒಪ್ಪಿಸಿ ಬಂದಿದ್ದ.

"ಅತ್ತಿ, ನಾಳಿಗಿ ಒಂದಿನ ಕೊಡ್ರಿ. ನಮ್ಮ ಹುಡುಗ ಬಿಡಂಗಿಲ್ಲ."

"ಒಯ್ಯಿ. ಆದ್ರ ಸಾಬೂನು ಹಚ್ಚಬ್ಯಾಡ, ಬೂದಿನೂ ಹಚ್ಚಬ್ಯಾಡ. ಬಟ್ಟಿಲೇ ಒರಸು, ಎಣ್ಣಿ ಸವರಿ ಇಡು" ಎಂದಳು ಆಯಿ.

"ಆಯಿ, ಅದು ನಂದು" ಎಂದಳು ಮೊಮ್ಮಗಳು.

"ನಿಂದೇ ಬೇ. ನೀ ಹೈದರಾಬಾದಿಗಿ ಹೊಂಟಾಗ ಇಸ್ಕೋ. ಹಂಗೇ ಆ ಬಜಾರದಾಗ ಬೀಡಿಂದು ಅದಾ ಇಲ್ಲಾ ಕೇಳಿ ಬಾ, ಎರಡು ತಾ."

ಗೋಡೆಯಾಚೆಯವಳು, ಮೂರು ತರಲಿ ಎಂದಳು.